ನಲವತ್ತು ಮನೆಗಳ ಹೌದು

“ಬುದ್ಧಿ, ನೂರಾ ಹನ್ನೆರಡು ಮನೆಯವರು ಹೌದು ಅಂದ ಮೇಲೂ ಅದನ್ನು ನಂಬುವುದಕ್ಕೆ ತಮಗೆ ಇನ್ನೇನು ಬೇಕು?” ಎಂದು ಶಿಷ್ಯ ಕೇಳಿದ.

ಕೇಳಿದ ದನಿಯಲ್ಲಿ ಭಕ್ತಿಗಿಂತ ಸಿಟ್ಟು ಹೆಚ್ಚಿತ್ತು. ಮಠದ ಪಕ್ಕದಲ್ಲಿ ಊರೊಟ್ಟಿನ ಕಣವಿತ್ತು. ಸುಗ್ಗಿಯಲ್ಲಿ ಊರಿನವರೆಲ್ಲ ಅಲ್ಲೇ ರಾಗಿ ಒಕ್ಕುತ್ತಿದ್ದರು. ಆ ಜಾಗದಲ್ಲಿ ಮಠಕ್ಕೊಂದು ದೊಡ್ಡ ದಾಸೋಹದ ಮನೆ ಕಟ್ಟಬೇಕೆಂಬುದು ಶಿಷ್ಯನ ಆಸೆ. ಊರು ಒಪ್ಪಿದರೆ ಮಾತ್ರ ಕಟ್ಟೋಣ ಎಂದು ಗುರು ಹೇಳಿದ್ದರು. ಶಿಷ್ಯ ಮೂರು ದಿನ ಬಿಸಿಲಲ್ಲಿ ಅಲೆದು, ಒಂದು ಮನೆಯನ್ನೂ ಬಿಡದೆ ಕೇಳಿ ಬಂದಿದ್ದ. ಕಣ ಬಿಟ್ಟುಕೊಡುವುದು ಬೇಡ ಎಂದು ಒಬ್ಬರೂ ಅಂದಿರಲಿಲ್ಲ. ಹಾಗಿದ್ದೂ ಗುರು, “ಇನ್ನೂ ಊರನ್ನು ಕೇಳಿದಂತಾಗಲಿಲ್ಲ” ಎಂದುಬಿಟ್ಟಿದ್ದರು.

“ಕೂತುಕೋ,” ಎಂದರು ಗುರು. “ನಿನ್ನ ಹಾಗೆಯೇ ಮನೆಮನೆ ಅಲೆದವನೊಬ್ಬನ ಕತೆಯಿದೆ. ಅದನ್ನು ಕೇಳು. ಆಮೇಲೆ ನೀನೇ ಹೇಳು.”

ಒಬ್ಬ ರಾಜನಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಇಷ್ಟು ಉದ್ದವಾಗುತ್ತಿರಲಿಲ್ಲ.

ಅವನ ರಾಜ್ಯದ ಅಂಚಿನಲ್ಲಿ ನಲವತ್ತು ಮನೆಯ ಒಂದು ಊರಿತ್ತು. ಕಾಲುವೆಯ ಕೊನೆಯ ನೀರು ಆ ಊರಿಗೆ ಬರುತ್ತಿತ್ತು. ಕಾಲುವೆ ಹರಿದರೆ ಬಾವಿಗಳಲ್ಲಿ ಒರತೆ, ಹರಿಯದಿದ್ದರೆ ಕೆಸರು. ರಾಜ ಅರಮನೆಯ ಹಿಂದೆ ಒಂದು ಕೊಳ ತೋಡಿಸಿದ. ಕೊಳ ತುಂಬಲು ನೀರು ಸಾಲದೆ ಬಂದಾಗ ಮಂತ್ರಿ ಆ ಕಾಲುವೆಯ ತೂಬನ್ನು ಒಂದು ವರ್ಷದ ಮಟ್ಟಿಗೆ ಮುಚ್ಚಿಸಿದ. ವರ್ಷ ಕಳೆದ ಮೇಲೆ, “ಇನ್ನು ಶಾಶ್ವತವಾಗಿ ಮುಚ್ಚಿಬಿಡೋಣವೇ ಪ್ರಭು?” ಎಂದ.

ರಾಜ ಒಪ್ಪಲಿಲ್ಲ. “ಜನರನ್ನು ಕೇಳದೆ ಮುಚ್ಚುವವನು ನಾನಲ್ಲ. ಮನೆಮನೆಗೂ ಹೋಗಿ ಕೇಳಿ ಬರಲಿ. ನೀರಿಗೆ ತೊಂದರೆಯಿದೆ ಎಂದು ಹತ್ತು ಮನೆಯವರು ಹೇಳಿದರೂ ಸಾಕು, ತೂಬು ತೆರೆಸುತ್ತೇನೆ” ಎಂದ. ಇದನ್ನೇ ಊರಿನಲ್ಲಿ ಡಂಗುರ ಹೊಡೆಸಿದ.

ಕೇಳಿ ಬರಲು ಒಬ್ಬ ಕರಣಿಕನನ್ನು ಆರಿಸಿದರು. ಲಂಚ ಮುಟ್ಟದವನು, ಕಂಡದ್ದನ್ನು ಕಂಡ ಹಾಗೆ ಬರೆಯುವವನು ಎಂದು ಅವನಿಗೆ ಹೆಸರಿತ್ತು. ಆ ಹೆಸರು ಸುಳ್ಳಲ್ಲ.

ಆ ಊರಿನಲ್ಲಿ ಒಂದು ಪದ್ಧತಿ. ಬಾಗಿಲಿಗೆ ಯಾರೇ ಬರಲಿ, ನೆಂಟನಾಗಲಿ, ನಿನ್ನೆ ಜಗಳವಾಡಿದವನಾಗಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು. ಮಾತು ಆಮೇಲೆ. ಊರಿನಿಂದ ಹೊರಗೆ ಹಾಕಿದವನಿಗೆ ಮಾತ್ರ ನೀರು ಕೊಡುತ್ತಿರಲಿಲ್ಲ. ಇದಕ್ಕೆಂದೇ ಪ್ರತಿ ಮನೆಯಲ್ಲೂ ಬಾಗಿಲ ಮೂಲೆಯಲ್ಲಿ ಒಂದು ತಾಮ್ರದ ಚೆಂಬು ಇರುತ್ತಿತ್ತು. ‘ಬಂದವರ ಚೆಂಬು’ ಎಂದು ಅದಕ್ಕೆ ಹೆಸರು. ಬೆಳಗಾದರೆ ಅದನ್ನು ಬೂದಿ ಹಾಕಿ ತಿಕ್ಕಬೇಕು, ತುಂಬಬೇಕು, ಮುಚ್ಚಿಡಬೇಕು. ತೂಬು ಮುಚ್ಚಿದ ಮೇಲೂ ಇದು ತಪ್ಪಲಿಲ್ಲ. ಒಂದು ಹರದಾರಿ ದೂರದ ಹೊಳೆಯಿಂದ ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ತಂದ ನೀರು ಮೊದಲು ಆ ಚೆಂಬಿಗೆ, ಆಮೇಲೆ ಮನೆಯವರ ಗಂಟಲಿಗೆ. ಮಿಂದು ವಾರವಾದವರ ಮನೆಯಲ್ಲೂ ಚೆಂಬು ಮಾತ್ರ ಫಳಫಳ ಹೊಳೆಯುತ್ತ ತುಂಬಿರುತ್ತಿತ್ತು. ನೀರಿಲ್ಲದ ಊರು ಎಂದು ಒಮ್ಮೆ ಹೆಸರು ಬಿದ್ದರೆ ಆ ಊರಿಗೆ ಯಾರು ಹೆಣ್ಣು ಕೊಡುತ್ತಾರೆ?

ಊರಿನ ಕೊನೆಯ ಮನೆಯಲ್ಲಿ ಒಬ್ಬ ಸೊಸೆಯಿದ್ದಳು. ಅವಳಿಗೆ ಹನ್ನೊಂದು ತಿಂಗಳ ಗಂಡು ಮಗು. ಕರಣಿಕ ಬರುವ ದಿನಕ್ಕೆ ಆ ಮಗುವಿಗೆ ಭೇದಿ ಹತ್ತಿ ಎರಡು ದಿನವಾಗಿತ್ತು. ನೆತ್ತಿ ಒಳಕ್ಕೆ ಕುಸಿದಿತ್ತು. ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. “ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಡುತ್ತಲೇ ಇರು. ಮಗು ಬೇಡವೆಂದರೂ ನಿಲ್ಲಿಸಬೇಡ” ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು.

ಗಂಡ ನಸುಕಿನಲ್ಲೇ ಅಡ್ಡೆ ಹೊತ್ತು ಹೊಳೆಗೆ ಹೋಗಿದ್ದ. ಅವನು ಬರುವುದು ಹೊತ್ತು ನೆತ್ತಿಗೇರಿದ ಮೇಲೆ. ಗಡಿಗೆಯಲ್ಲಿದ್ದ ನೀರು ಮುಗಿದಿತ್ತು. ಸೊಸೆ ಹಿಂದೆ ಮುಂದೆ ನೋಡದೆ ಬಂದವರ ಚೆಂಬನ್ನು ಬಗ್ಗಿಸಿ, ಆ ನೀರಿಗೆ ಜೀರಿಗೆ ಹಾಕಿ ಕುದಿಸಿ, ಆರಿಸಿ, ಮಗುವಿನ ಪಕ್ಕದಲ್ಲಿ ಇಟ್ಟುಕೊಂಡಳು. ಮಧ್ಯಾಹ್ನದವರೆಗೆ ಮಗುವಿಗೆ ಇದ್ದದ್ದು ಅಷ್ಟೇ.

ಅತ್ತೆ ಬರಿದಾದ ಚೆಂಬನ್ನು ನೋಡಿದಳು.

“ಬಂದವರ ಚೆಂಬಿಗೆ ಕೈ ಹಾಕಿದೆಯಾ? ಅದೂ ಇವತ್ತು?”

“ನಿಮ್ಮ ಮೊಮ್ಮಗನೂ ಈ ಮನೆಗೆ ಬಂದವನೇ ಅತ್ತೆ. ಬಂದು ಹನ್ನೊಂದು ತಿಂಗಳಾಯಿತು. ಬಾಯಾರಿದೆ ಅನ್ನುತ್ತಿದ್ದಾನೆ.”

“ನಾಲಿಗೆ ಬಹಳ ಉದ್ದವಾಯಿತು ನಿನ್ನದು. ಅರಮನೆಯವರ ಮುಂದೆ ಇದನ್ನು ಹೊರಗೆ ಚಾಚಬೇಡ.”

“ಚಾಚುವುದಕ್ಕೇ ಕಾದು ಕೂತಿದ್ದೇನೆ. ಹತ್ತು ಮನೆಯವರು ಹೇಳಿದರೆ ತೂಬು ತೆರೆಯುತ್ತಾರಂತೆ. ಡಂಗುರ ಕೇಳಲಿಲ್ಲವಾ?”

“ಕೇಳಿದೆ. ಹತ್ತು ಮನೆಯವರು ಮೊದಲು ಹೇಳಲಿ. ಹನ್ನೊಂದನೆಯವರಾಗಿ ನಾವೂ ಹೇಳೋಣ.”

ಆ ಬೆಳಗ್ಗೆ ನಲವತ್ತು ಮನೆಯಲ್ಲೂ ಇದೇ ಮಾತು ನಡೆದಿತ್ತು. ಊರಿಗೆ ಊರೇ ಹನ್ನೊಂದನೆಯವರಾಗಲು ಕಾದು ಕೂತಿತ್ತು.

ಕರಣಿಕ ಬೆಳಗಿನ ತಂಪಿನಲ್ಲೇ ಬಂದು ಒಂದು ಕಡೆಯಿಂದ ಕೇಳುತ್ತ ಹೊರಟ. ಆ ಹೊತ್ತಿನಲ್ಲಿ ನಡೆಯಬಲ್ಲವರೆಲ್ಲ ಹೊಳೆಯ ದಾರಿಯಲ್ಲಿದ್ದರು. ಮನೆಯಲ್ಲಿದ್ದವರು ಮುದುಕರು, ಮುದುಕಿಯರು. ನೀರಿಗೆ ಹೋದವರನ್ನು ಬಿಟ್ಟು, ಅವರು ತಂದದ್ದನ್ನು ಕುಡಿದು ಕೂತವರನ್ನು ನೀರಿಗೆ ತೊಂದರೆಯಿದೆಯೇ ಎಂದು ಅವನು ಕೇಳಿದ. ಇದರಲ್ಲಿ ತಪ್ಪಿದೆಯೆಂದು ಅವನಿಗೆ ತೋಚಲಿಲ್ಲ. ಮನೆಯ ಹಿರಿಯರನ್ನು ಕೇಳುವುದು ಮರ್ಯಾದೆ ಎಂದಷ್ಟೇ ಅವನು ಬಲ್ಲ.

ಒಂದೊಂದು ಮನೆಯಲ್ಲೂ ಅವನು ಬಾಯಿ ತೆರೆಯುವ ಮೊದಲೇ ಬೆಲ್ಲ ಬಂತು, ತುಂಬಿದ ಚೆಂಬು ಬಂತು. ಬೇಡವೆಂದರೆ ಅವರಿಗೆ ನೋವಾದೀತೆಂದು ಎಲ್ಲ ಕಡೆಯೂ ಎರಡು ಗುಟುಕು ಕುಡಿದ. ಉಳಿದದ್ದರಲ್ಲಿ ಕಾಲು ತೊಳೆದುಕೊಂಡ.

ಹೀಗೆ ಕೊನೆಯ ಮನೆಗೆ ಬಂದ. ಅತ್ತೆ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ಸೊಸೆಯ ತೊಡೆಯ ಮೇಲೆ ಮಗು ಕಣ್ಣು ಅರೆಮುಚ್ಚಿ ಮಲಗಿತ್ತು. ಅತ್ತೆ ಒಳಗೆ ಬಂದವಳೇ ಮಗುವಿನ ಪಕ್ಕದಲ್ಲಿದ್ದ ನೀರನ್ನು ತೆಗೆದುಕೊಂಡಳು. ಸೊಸೆ ಅವಳ ಸೆರಗು ಹಿಡಿದಳು.

“ಅರ್ಧವಾದರೂ ಬಿಡಿ ಅತ್ತೆ.”

“ಅರ್ಧ ಚೆಂಬು ಕೊಡುವ ಮನೆಯೇ ಇದು? ಇನ್ನೇನು ನಿನ್ನ ಗಂಡ ಬರುತ್ತಾನೆ, ಬಿಡು.”

ಸೆರಗು ಹರಿಯಿತು. ನೀರು ತಾಮ್ರದ ಚೆಂಬಿಗೆ ಹೋಯಿತು.

ಕರಣಿಕ ಕುಡಿದು ಚಪ್ಪರಿಸಿದ. “ಅಲ್ಲವ್ವಾ, ಜೀರಿಗೆ ನೀರು! ಅರಮನೆಯಲ್ಲೂ ಹೀಗೆ ಉಪಚಾರ ಮಾಡುವವರಿಲ್ಲ” ಎಂದ. ನಡೆದು ನಡೆದು ಅವನ ಕಾಲು ಉರಿಯುತ್ತಿತ್ತು. ಉಳಿದದ್ದನ್ನು ಕಾಲ ಮೇಲೆ ಸುರಿದುಕೊಂಡ. ಆಮೇಲೆ ಓಲೆ ಬಿಚ್ಚಿ ಕೇಳಿದ: “ತೂಬು ಮುಚ್ಚಿದ ಮೇಲೆ ಈ ಮನೆಯಲ್ಲಿ ನೀರಿಗೇನಾದರೂ ತೊಂದರೆಯಿದೆಯೇ?”

“ದೇವರು ಕೊಟ್ಟಿದ್ದಾನೆ ಸ್ವಾಮಿ. ಬಂದವರಿಗೆ ಕೊಡುವುದಕ್ಕೇನೂ ಕಮ್ಮಿಯಿಲ್ಲ,” ಎಂದಳು ಅತ್ತೆ.

ಸೊಸೆ ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. “ಸುಳ್ಳು ಸ್ವಾಮಿ. ಈಗ ನಿಮ್ಮ ಕಾಲ ಮೇಲೆ ಹೋಯಿತಲ್ಲ, ಅದು ಈ ಮಗುವಿನ ನೀರು. ಮನೆಯಲ್ಲಿ ಇದ್ದದ್ದೇ ಅಷ್ಟು.”

ಕರಣಿಕ ತನ್ನ ಒದ್ದೆ ಕಾಲನ್ನು ನೋಡಿಕೊಂಡ. ಅತ್ತೆ ನಕ್ಕಳು.

“ಅವಳ ಮಾತು ಕಟ್ಟಿಕೊಳ್ಳಬೇಡಿ. ಮಗುವಿಗೆ ಮೈ ನೆಟ್ಟಗಿಲ್ಲ, ಇವಳಿಗೆ ನಿದ್ದೆಯಿಲ್ಲ. ಏನೋ ಬಡಬಡಿಸುತ್ತಾಳೆ.”

ಕರಣಿಕ ಓಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಮತ್ತೆ ಮೆತ್ತಗೆ ಹೇಳಿದ: “ತಾಯಿ, ಮನೆಗೊಂದೇ ಮಾತು ಬರೆಯಬೇಕೆಂದು ಅಪ್ಪಣೆಯಿದೆ. ಅದೂ ಹಿರಿಯರ ಮಾತು. ಸಂಜೆ ಚಾವಡಿಯಲ್ಲಿ ಎಲ್ಲರ ಮುಂದೆ ಓದುತ್ತೇನೆ. ನಾನು ಬರೆದದ್ದು ತಪ್ಪಾಗಿದ್ದರೆ ಅಲ್ಲಿ ಬಂದು ಹೇಳು. ತಿದ್ದುತ್ತೇನೆ.”

ಅವನು ಮನಸಾರೆ ಹೇಳಿದ ಮಾತು ಅದು. ಓಲೆಯಲ್ಲಿ ಮಾತ್ರ, ‘ಇಲ್ಲಿ ಬಂದವರಿಗೆ ಜೀರಿಗೆ ನೀರು ಕೊಡುತ್ತಾರೆ’ ಎಂದು ಒಂದು ಸಾಲು ಸೇರಿತು.

ಅವನು ಬೀದಿ ದಾಟುತ್ತಲೇ ಸೊಸೆ ಪಕ್ಕದ ಮನೆಗೆ ಓಡಿದಳು. “ಒಂದು ಲೋಟ ಕೊಡಿ ದೊಡ್ಡಮ್ಮ.” ದೊಡ್ಡಮ್ಮ ಖಾಲಿ ಚೆಂಬು ತೋರಿಸಿದಳು. “ಈಗ ತಾನೇ ಕರಣಿಕರಿಗೆ ಕೊಟ್ಟೆನಲ್ಲೇ.” ಅದರಾಚೆಯ ಮನೆಯಲ್ಲೂ ಹಾಗೆಯೇ. ಅದರಾಚೆಯ ಮನೆಯಲ್ಲೂ ಹಾಗೆಯೇ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅವಳು ಊರಿನ ಈ ತುದಿಯಿಂದ ಆ ತುದಿಯವರೆಗೆ ಹೋದಳು. ನಲವತ್ತು ಮನೆಯ ನೀರನ್ನು ಕಾಲ ಮೇಲೆ ಸುರಿದುಕೊಂಡು ಕರಣಿಕ ನಲವತ್ತು ಮನೆಯಲ್ಲೂ ನೀರಿದೆ ಎಂದು ಬರೆದುಕೊಂಡು ಹೋಗಿದ್ದ.

ಮಧ್ಯಾಹ್ನ ಗಂಡ ಬಂದ. ನೀರು ಕಾಯಿಸಿ ಕೊಟ್ಟರೆ ಮಗು ಎರಡು ಗುಟುಕು ಕುಡಿದು ಕಕ್ಕಿತು.

ಸಂಜೆ ಚಾವಡಿಯಲ್ಲಿ ಊರು ಸೇರಿತು. ಊರಿನ ಗೌಡ ತನ್ನ ಮಗನಿಗೆ ಹೆಣ್ಣು ನೋಡಿದ್ದ. ಆ ಮಾತು ಮುಗಿಸಲು ಹೆಣ್ಣಿನ ಕಡೆಯವರು ಅಂದೇ ಬಂದು ಗೌಡನ ಪಕ್ಕದಲ್ಲಿ ಕೂತಿದ್ದರು. ಕರಣಿಕ ನಿಂತು ಓದಿದ:

“ಮನೆ ನಲವತ್ತು. ಕೇಳಿದ್ದು ನಲವತ್ತು. ತೊಂದರೆಯಿಲ್ಲ ಎಂದವರು ನಲವತ್ತು. ಕೇಳುವ ಮೊದಲೇ ನೀರು ಕೊಟ್ಟವರು ನಲವತ್ತು.”

ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಹಿಂದಿನಿಂದ ಸೊಸೆ ಎದ್ದು ನಿಂತಳು. “ಮೂವತ್ತೊಂಬತ್ತು ಎಂದು ತಿದ್ದಿ ಸ್ವಾಮಿ.”

“ಕೂತುಕೊಳ್ಳಮ್ಮ,” ಎಂದ ಗೌಡ. “ನೆಂಟರು ಬಂದಿದ್ದಾರೆ. ಊರಿನ ಮಾನವನ್ನು ಬೀದಿಗೆ ತರಬೇಡ.”

“ಮಾನವನ್ನು ಕುದಿಸಿ ಆರಿಸಿ ಮಗುವಿಗೆ ಕುಡಿಸಲಾ ಗೌಡರೇ?”

ಯಾರೋ ಕಿಸಕ್ಕನೆ ನಕ್ಕರು. ಯಾರೋ “ಎಂಥ ಬಾಯಿ ಇವಳದು” ಎಂದರು. ಕರಣಿಕ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

“ಈ ತಾಯಿ ಹೇಳುವುದು ನಿಜವೇ ಇರಬಹುದು. ಇನ್ನೊಮ್ಮೆ ಕೇಳುತ್ತೇನೆ. ಯಾರ ಮನೆಯಲ್ಲಿ ನೀರಿಗೆ ತೊಂದರೆಯಿದೆಯೋ ಅವರು ಕೈ ಎತ್ತಿ. ನನ್ನಿಂದ ಯಾರಿಗೂ ಕೇಡಿಲ್ಲ. ಹತ್ತು ಕೈ ಎದ್ದರೆ ಸಾಕು.”

ಜನ ಗೌಡನನ್ನು ನೋಡಿದರು. ಗೌಡನ ಪಕ್ಕದ ನೆಂಟರನ್ನು ನೋಡಿದರು. ತಮ್ಮ ತಮ್ಮ ಮನೆಯಲ್ಲಿ ಮದುವೆಗೆ ನಿಂತಿದ್ದ ಗಂಡುಮಕ್ಕಳನ್ನು ನೆನೆದರು. ಕೆಲವರ ಕೈ ಮಂಡಿಯಿಂದ ಒಂದು ಗೇಣು ಮೇಲೆ ಬಂತು. ಪಕ್ಕದವನ ಕೈ ಏಳದ್ದು ಕಂಡು ಅದೇ ಕೈಯಲ್ಲಿ ನೊಣ ಓಡಿಸಿದರು.

ಸೊಸೆ ತನ್ನ ಗಂಡನನ್ನು ನೋಡಿದಳು. ಅಡ್ಡೆ ಹೊತ್ತು ಅವನ ಹೆಗಲು ಊದಿತ್ತು. ಅವನು ನೆಲ ನೋಡುತ್ತ ಕೂತಿದ್ದ.

ಎದ್ದದ್ದು ಒಂದೇ ಕೈ. ಇನ್ನೊಂದು ಕೈಯಲ್ಲಿ ಅವಳು ಮಗುವನ್ನು ಹಿಡಿದಿದ್ದಳು.

ಕರಣಿಕ ಕಾದ. ಸಾಕಷ್ಟು ಹೊತ್ತು ಕಾದ. ಆಮೇಲೆ, “ಒಂದು” ಎಂದು ಎಣಿಸಿ ಬರೆದುಕೊಂಡ.

ಮನೆಗೆ ಬರುವ ದಾರಿಯಲ್ಲಿ ಅವಳು ಗಂಡನನ್ನು ಕೇಳಿದಳು: “ನೀವೇಕೆ ಕೈ ಎತ್ತಲಿಲ್ಲ?”

“ಇನ್ನೊಬ್ಬರು ಯಾರಾದರೂ ಎತ್ತಿದ್ದರೆ ಎತ್ತುತ್ತಿದ್ದೆ.”

“ನಾನು ಎತ್ತಿದ್ದೆನಲ್ಲ.”

“ನೀನು ಇನ್ನೊಬ್ಬರಾ?” ಎಂದ ಅವನು.

ಓಲೆ ಅರಮನೆ ಸೇರಿತು. ನಲವತ್ತು ಮನೆಯವರು ತೊಂದರೆಯಿಲ್ಲ ಎಂದಿದ್ದಾರೆ, ಒಬ್ಬ ಹೆಂಗಸು ಇದೆ ಎಂದಿದ್ದಾಳೆ ಎಂದು ಅದರಲ್ಲಿತ್ತು. ಮಂತ್ರಿ ಮೊದಲರ್ಧವನ್ನು ಜೋರಾಗಿ ಓದಿದ. ಎರಡನೆಯ ಅರ್ಧ ಬಂದಾಗ ಕೆಮ್ಮಿದ. ಜೀರಿಗೆ ನೀರಿನ ಸಾಲನ್ನು ಮಾತ್ರ ರಾಜ ಎರಡು ಸಲ ಓದಿಸಿ ಕೇಳಿದ. “ನಾನು ಸುಮ್ಮನೆ ಚಿಂತೆ ಮಾಡುತ್ತಿದ್ದೆ” ಎಂದ.

ತೂಬನ್ನು ಕಲ್ಲು ಗಾರೆ ಹಾಕಿ ಮುಚ್ಚಿದರು. ಅದರ ಮುಂದೆ ಒಂದು ಶಿಲೆ ನೆಟ್ಟರು. ‘ಊರಿನ ನಲವತ್ತು ಮನೆಗಳ ಒಪ್ಪಿಗೆಯಿಂದ’ ಎಂದು ಅದರಲ್ಲಿ ಕೆತ್ತಿಸಿದರು.

ಇದೆಲ್ಲ ಆಗುವ ಮೊದಲೇ, ಚಾವಡಿ ಸೇರಿದ ಮೂರನೆಯ ದಿನ, ಮಗು ಹೋಯಿತು.

ಆ ಒಂದು ಚೆಂಬು ನೀರು ಉಳಿದಿದ್ದರೆ ಮಗು ಬದುಕುತ್ತಿತ್ತೇ? ಹೇಳಲಾಗದು. ಹೆತ್ತವಳು ಮಾತ್ರ ‘ಬದುಕುತ್ತಿತ್ತು’ ಎಂದೇ ಸಾಯುವವರೆಗೆ ಹೇಳಿದಳು.

ಸಾವಿನ ಮನೆಗೆ ಸುತ್ತಲಿನ ಊರಿನವರು ಮಾತಾಡಿಸಲು ಬಂದರು. ಅತ್ತೆ ಕಣ್ಣೊರೆಸಿಕೊಂಡು ಎಂದಿನಂತೆ ಚೆಂಬು ತುಂಬಿ ತಂದಳು. ಸೊಸೆ ಅದನ್ನು ಅವಳ ಕೈಯಿಂದ ಕಿತ್ತು ಹೊಸ್ತಿಲ ಮೇಲೆ ಬೋರಲು ಹಾಕಿದಳು. “ಇಲ್ಲಿ ನೀರಿಲ್ಲ. ಇನ್ನೊಂದು ಮನೆ ನೋಡಿಕೊಳ್ಳಿ” ಎಂದಳು. ಆ ಊರಿನ ಬಾಗಿಲೊಂದರಲ್ಲಿ ಬಂದವರಿಗೆ ನೀರು ತಪ್ಪಿದ್ದು ಅದೇ ಮೊದಲು. ಮಗು ಸತ್ತದ್ದಕ್ಕೆ ಅತ್ತವರೆಲ್ಲ ಆಗ ಅಳು ನಿಲ್ಲಿಸಿ ಅವಳನ್ನು ಬೈದರು. ಅಂದಿನಿಂದ ಬಂದವರಿಗೆಲ್ಲ ಅವಳು ಹಾಗೇ ಮಾಡಿದಳು. ತಲೆ ಕೆಟ್ಟವಳು ಎಂದು ಊರು ತೀರ್ಮಾನಿಸಿತು.

ಮರುವರ್ಷ ರಾಜ ಮತ್ತೆ ಕೇಳಿಸಿದ. ಒಮ್ಮೆ ಕೇಳಿ ಬಿಟ್ಟುಬಿಡುವವನಲ್ಲ ಅವನು. ಅದೇ ಕರಣಿಕ ಬಂದ. ಈ ಸಲ ಗೌಡ ತಾನೇ ಜೊತೆಗೆ ನಡೆದ. ಬೀದಿಯ ಕೊನೆಗೆ ಬಂದಾಗ ತೋಳು ಹಿಡಿದು ನಿಲ್ಲಿಸಿದ.

“ಆ ಮನೆ ಬೇಡ ಸ್ವಾಮಿ. ಅತ್ತೆ ತೀರಿಹೋದಳು. ಗಂಡ ಹೊಳೆಯ ಕಡೆಯೇ ಬಿಡಾರ ಮಾಡಿದ್ದಾನೆ. ಇರುವವಳು ಅವಳೊಬ್ಬಳು. ಬುದ್ಧಿ ಸ್ಥಿಮಿತವಿಲ್ಲ, ಬಂದವರಿಗೆ ನೀರು ಸಹ ಕೊಡುವುದಿಲ್ಲ. ಅಂಥವಳ ಮಾತು ಲೆಕ್ಕಕ್ಕೆ ಬರುತ್ತದೆಯೇ?”

ಕರಣಿಕ ಬೀದಿಯಲ್ಲೇ ನಿಂತು ಆ ಬಾಗಿಲನ್ನು ನೋಡಿದ. ಅವನು ನ್ಯಾಯಸ್ಥ. ತಲೆ ಸರಿಯಿಲ್ಲದವರ ಮಾತನ್ನು ಬರೆಯಬಾರದೆಂಬ ನಿಯಮ ಅವನಿಗೆ ತಿಳಿದಿತ್ತು. ಓಲೆ ಬಿಚ್ಚಿ ಬರೆದ: ಮನೆ ಮೂವತ್ತೊಂಬತ್ತು. ತೊಂದರೆಯಿಲ್ಲ ಎಂದವರು ಮೂವತ್ತೊಂಬತ್ತು.

ಗುರು ಕತೆ ನಿಲ್ಲಿಸಿದರು.

“ಆ ಕರಣಿಕ ಮೋಸಗಾರ,” ಎಂದ ಶಿಷ್ಯ.

“ಅವನ ಓಲೆಯಲ್ಲಿ ಒಂದೂ ಸುಳ್ಳು ಅಕ್ಷರವಿಲ್ಲ.”

“ಹಾಗಾದರೆ ಆ ಜನ ಸುಳ್ಳುಗಾರರು. ನಮ್ಮ ಊರಿನವರು ಹಾಗಲ್ಲ ಬುದ್ಧಿ. ನಾನು ಯಾರನ್ನೂ ಹೆದರಿಸಲಿಲ್ಲ. ಯಾರ ಮನೆಯಲ್ಲೂ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಬೆಳಗ್ಗೆ ಸಿಗದವರನ್ನು ಸಂಜೆ ಹೋಗಿ ಕೇಳಿದೆ. ಬಾಗಿಲಲ್ಲಿ ನಿಂತು ಕಣ ಕೊಡುತ್ತೀರಾ ಎಂದೆ. ಬಾಯ್ತುಂಬ ಹೌದು ಅಂದರು.”

ಗುರು ಅವನ ಕಾವಿಯನ್ನೂ ಕೊರಳ ರುದ್ರಾಕ್ಷಿಯನ್ನೂ ಒಮ್ಮೆ ನೋಡಿದರು.

“ಅವರು ನಿನ್ನ ಕಾಲಿಗೆ ಬಿದ್ದದ್ದು ನೀನು ಕೇಳುವ ಮೊದಲೋ, ಕೇಳಿದ ಮೇಲೋ?”

“ಕೇಳುವ ಮೊದಲೇ,” ಎಂದ ಶಿಷ್ಯ.